ಮತ್ತೆ ಕೌದಿ ಹೊಲಿಯಲು ಕೂರುತ್ತಿದ್ದೇನೆ: ಹಳೇ ಸೀರೆ, ತುಂಡು ಬಟ್ಟೆ ಇವೆ, ಎಲ್ಲಿಂದ ಶುರು ಮಾಡಲಿ?

ನವನಗರ ನೂಲು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಮದುವೆಗೆ ಮುಂಚೆ ಅವ್ವನ ಜೊತೆ ಕೂತು, ಹಳೇ ಬಟ್ಟೆಯ ಪದರು ಸೇರಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದೆ. ಆಮೇಲೆ ನೌಕರಿ, ಮಕ್ಕಳು, ಅತ್ತೆಯವರ ಆರೈಕೆ ಅಂತ ಸೂಜಿ ಮುಟ್ಟಲಿಕ್ಕೇ ಆಗಲಿಲ್ಲ. ಈಗ ಸಂಜೆ ಹೊತ್ತು ಸ್ವಲ್ಪ ಬಿಡುವು ಸಿಗುತ್ತಿದೆ. ಮತ್ತೆ ಕೂರಬೇಕು ಅಂತ ತುಂಬಾ ಮನಸ್ಸಾಗಿದೆ.

ಬಟ್ಟೆಗೇನೂ ಕೊರತೆ ಇಲ್ಲ. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಅತ್ತೆ ಜೊತೆಗೆ ತಂದ ಕಬ್ಬಿಣದ ಟ್ರಂಕು ಇನ್ನೂ ಇದೆ. ಅದರಲ್ಲಿ ಅವರ ಇಳಕಲ್ ಸೀರೆಗಳು, ಬನಹಟ್ಟಿಯ ಹತ್ತಿ ಸೀರೆಗಳು, ಮಾವನವರ ಧೋತರ, ಕುಪ್ಪಸ ಹೊಲಿಸಿ ಉಳಿದ ಖಣದ ತುಂಡು ಎಲ್ಲಾ ಇವೆ. ಇದರ ಜೊತೆ ಮಗಳ ಸಣ್ಣಂದಿನ ಫ್ರಾಕು, ಮಗನ ಶಾಲೆ ಶರ್ಟು, ಓಣಿಯ ಟೇಲರ್ ಕೊಟ್ಟ ಒಂದು ಚೀಲ ಚಿಂದಿ.

ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಬಟ್ಟೆ ಕತ್ತರಿಸಲು ಬೇರೆ ಚಾಪೆ, ಗಾಲಿ ಹಾಗೆ ಉರುಳುವ ಬ್ಲೇಡು, ಒಳಗೆ ತುಂಬಲು ಅಂಗಡಿಯ ಹತ್ತಿ ಹಾಳೆ ಅಂತ ಏನೇನೋ ಹೇಳುತ್ತಾರೆ. ಇವೆಲ್ಲ ಬೇಕೇ ಬೇಕಾ? ಕೈಯಿಂದ ಹೊಲಿಯಲೋ, ಮಷಿನ್ ಮೇಲೋ? ಮೊದಲಿಗೆ ಎಷ್ಟು ದೊಡ್ಡದು ಹಿಡಿಯಲಿ? ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವ ಪ್ರಶ್ನೆ ಇನ್ನೊಂದಿದೆ. ಅತ್ತೆಯವರ ಇಳಕಲ್ ಸೀರೆಗೆ ಕತ್ತರಿ ಹಾಕಬಹುದಾ?

ವಿಜಯಪುರ ಅಜ್ಜಿ

ತಂಗೀ, ಏನೂ ಕೊಳ್ಳಬೇಡ. ಉದ್ದನೆಯ ಸೂಜಿ, ಗಟ್ಟಿ ಹತ್ತಿ ದಾರ, ಹರಿತವಾದ ಕತ್ತರಿ. ಇಷ್ಟಿದ್ದರೆ ಆಯಿತು. ಒಳಗೆ ತುಂಬಲು ಅಂಗಡಿಯ ಹಾಳೆ ಬೇಡ. ನಮ್ಮ ಕೌದಿಯೊಳಗೆ ಹೋಗುವುದು ಹಳೇ ಸೀರೆಯೇ. ಒಗೆದಷ್ಟೂ ಮೆತ್ತಗಾಗುತ್ತದೆ, ಒಂದು ಕಡೆ ಗಂಟಾಗಿ ಕೂರುವುದಿಲ್ಲ.

ಆ ವಿಡಿಯೋದವರ ಕೆಲಸಕ್ಕೂ ನಮ್ಮ ಕೆಲಸಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಅವರು ಮೊದಲು ತುಂಡುಗಳನ್ನು ಒಂದಕ್ಕೊಂದು ಹೊಲಿದು ಮೇಲಿನ ಹಾಸು ತಯಾರು ಮಾಡುತ್ತಾರೆ. ಪದರು ಸೇರಿಸುವುದು ಆಮೇಲೆ. ಅಲ್ಲಿ ಅಳತೆ ಚೂರು ತಪ್ಪಿದರೂ ಮೂಲೆಗೆ ಮೂಲೆ ಕೂಡುವುದಿಲ್ಲ. ನಾವು ಮೊದಲೇ ಪದರು ಹಾಸುತ್ತೇವೆ. ಅದರ ಮೇಲೆ ಒಂದೊಂದೇ ತ್ಯಾಪಿ (ಬಟ್ಟೆ ತುಂಡು) ಇಟ್ಟು, ಅಂಚು ಒಳಗೆ ಮಡಚಿ, ಎಲ್ಲಾ ಪದರು ಸೇರಿಸಿ ಹೊಲಿಯುತ್ತಾ ಹೋಗುತ್ತೇವೆ. ಒಂದು ತುಂಡು ಸಣ್ಣದಾದರೆ ಪಕ್ಕದ್ದನ್ನು ಸ್ವಲ್ಪ ದೊಡ್ಡದಾಗಿ ಇಟ್ಟರಾಯಿತು. ತ್ಯಾಪಿ ಹಾಕುವುದು, ಪದರು ಕೂಡಿಸುವುದು ಎರಡೂ ಒಂದೇ ಟಾಕಿಯಲ್ಲಿ (ಕೈಹೊಲಿಗೆಯಲ್ಲಿ) ಮುಗಿಯುತ್ತವೆ. ಬಹಳ ವರ್ಷ ಬಿಟ್ಟ ಕೈಗೆ ಇದೇ ಸರಿ. ಅಳತೆ ಹಿಡಿದು ತಲೆ ಕೆಡಿಸಿಕೊಂಡರೆ ಮತ್ತೆ ಟ್ರಂಕು ಮುಚ್ಚಿಬಿಡುತ್ತೀ.

ಅಳತೆ ಸೀರೆಯೇ ಹೇಳುತ್ತದೆ. ಕೌದಿಯ ಅಗಲ ಸೀರೆಯ ಅಗಲದಷ್ಟೇ ಇರಲಿ, 45 ಇಂಚಿನ ಆಸುಪಾಸು. ಉದ್ದ ಏಳೂವರೆ ಅಡಿ. 6 ಗಜದ ಸೀರೆ ಅಂದರೆ 18 ಅಡಿ. ಎರಡು ಪದರಿಗೆ 15 ಅಡಿ ಹೋಯಿತು. ಉಳಿದ 3 ಅಡಿ ಸೆರಗು, ಅದನ್ನು ತ್ಯಾಪಿಗೆ ಇಟ್ಟುಕೋ. ನಿಮ್ಮತ್ತೆಯವರದು 9 ಗಜದ್ದಾದರೆ ಮೂರು ಪದರು ಬಂದು ಮೇಲೆ ನಾಲ್ಕೂವರೆ ಅಡಿ ಉಳಿಯುತ್ತದೆ. ನಡುವೆ ಜೋಡಣೆಯೇ ಇರುವುದಿಲ್ಲ.

ಹೊದೆಯಲು 4 ಪದರು ಸಾಕು. ನಮ್ಮ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ಚಳಿ ಹಿಡಿಯುತ್ತದೆ, ಅದಕ್ಕೆ ನಾವು 6 ಹಾಕುತ್ತೇವೆ. ಅದಕ್ಕಿಂತ ಜಾಸ್ತಿ ಹಾಕಿದರೆ ಸೂಜಿ ಇಳಿಯುವುದಿಲ್ಲ. ಒದ್ದೆಯಾದಾಗ ಎತ್ತಲೂ ಆಗುವುದಿಲ್ಲ.

ಶಹಾಪುರ ಟೇಲರ್, ಬೆಳಗಾವಿ

ಅಜ್ಜಿ ಹೇಳಿದ್ದು ಸರಿ. ನಾನು ಬಟ್ಟೆಯ ಬಗ್ಗೆ ಹೇಳುತ್ತೇನೆ.

ಅಕ್ಕಾರ, ಆ ಚೀಲದ ಚಿಂದಿಯನ್ನು ಹಾಗೇ ಬಳಸಬೇಡಿ. ನಮ್ಮ ಅಂಗಡಿಯಲ್ಲಿ ಉಳಿಯುವ ತುಂಡುಗಳಲ್ಲಿ ಹತ್ತಿ ಕಡಿಮೆ, ಪಾಲಿಯೆಸ್ಟರ್ ಜಾಸ್ತಿ. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ. ಅನುಮಾನ ಬಂದರೆ ಅಂಚಿನಿಂದ ಎರಡೆಳೆ ನೂಲು ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಮಗನ ಶಾಲೆ ಶರ್ಟು ಟೆರಿಕಾಟ್ (ಹತ್ತಿ, ಪಾಲಿಯೆಸ್ಟರ್ ಬೆರೆತ ಬಟ್ಟೆ) ಇರುತ್ತದೆ, ನೂಲಿನಲ್ಲಿ ಎರಡೂ ಗುಣ ಕಾಣುತ್ತವೆ.

ಇಷ್ಟೆಲ್ಲಾ ಯಾಕೆ ಅಂದರೆ, ಹತ್ತಿ ನೀರಿಗೆ ಬಿದ್ದರೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಅಕ್ಕಪಕ್ಕ ಹೊಲಿದರೆ ಮೊದಲ ಒಗೆತಕ್ಕೇ ಸುಕ್ಕು. ಹಳೇ ಸೀರೆ ಎಷ್ಟೋ ಸಲ ನೀರು ಕಂಡಿರುತ್ತದೆ, ಅದರ ಭಯವಿಲ್ಲ. ಹೊಸ ಕಟ್ ಪೀಸ್ ಇದ್ದರೆ ಮಾತ್ರ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಮುಟ್ಟಿ.

ಮಷಿನ್ ವಿಷಯ. ಮನೆಯಲ್ಲಿ ಕಾಲಲ್ಲಿ ತುಳಿಯುವ ಹಳೇ ಉಷಾ ಇದ್ದರೆ ತುಂಬಾ ಒಳ್ಳೆಯದು. ಹರಿದ ಸೀರೆ ಜೋಡಿಸಲು, ಅಂಚಿನ ಪಟ್ಟಿ ಕೂರಿಸಲು ಬಳಸಿ. 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆ ಸ್ವಲ್ಪ ಉದ್ದ ಇಡಿ. ಆದರೆ 4, 6 ಪದರಿನ ಮೈತುಂಬಾ ಮಷಿನ್ ಓಡಿಸಬೇಡಿ. ಕೆಳಗಿನ ಪದರನ್ನು ಹಲ್ಲು ಎಳೆಯುತ್ತದೆ, ಮೇಲಿನದನ್ನು ಪಾದ ತಡೆಯುತ್ತದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಎರಡೂ ಬೇರೆ ಬೇರೆ ಕಡೆ ಹೋಗಿರುತ್ತವೆ.

ಜಮಖಂಡಿ ಹುಡುಗಿ

ನಾನು ಹಾಸ್ಟೆಲಿನಲ್ಲಿದ್ದೇನೆ. ಅಜ್ಜಿ ಹೊಲಿದ ಕೌದಿ ಹೊದ್ದು ಮಲಗುತ್ತೇನೆ, ಆದರೆ ಒಂದು ಟಾಕಿಯನ್ನೂ ಕಲಿತಿಲ್ಲ. ದೊಡ್ಡ ಕೌದಿ ಹಾಸಿಕೊಂಡು ಕೂರಲು ನನಗೆ ಜಾಗವೇ ಇಲ್ಲ. ಸಣ್ಣದು ಏನು ಮಾಡಬಹುದು?

ವಿಜಯಪುರ ಅಜ್ಜಿ

ತೊಟ್ಟಿಲ ಕೌದಿ ಮಾಡು ಮಗಳೇ. ಒಂದು ಗಜ ಚೌಕ, ಮೂರು ಪದರು. ತೊಡೆಯ ಮೇಲೆ ಇಟ್ಟುಕೊಂಡೇ ಹೊಲಿಯಬಹುದು. ಎಳೆಗೂಸಿಗೆ ಹಳೇ ಧೋತರ, ಹಳೇ ಹತ್ತಿ ಸೀರೆಯಂಥ ಮೆತ್ತನೆಯ ಬಟ್ಟೆ ಇನ್ನೊಂದಿಲ್ಲ. ಜರಿ, ಗುಂಡಿ, ಕನ್ನಡಿ ಯಾವುದೂ ಬೇಡ. ದಾರದ ಗಂಟು ಪದರಿನ ಒಳಗೆ ಹೋಗಬೇಕು, ಕೂಸಿನ ಮೈಗೆ ತಾಗಬಾರದು.

ಅಥಣಿ ಅಕ್ಕ

ಇಳಕಲ್ ಸೀರೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ದಯವಿಟ್ಟು ಕತ್ತರಿಸಬೇಡಿ. ಒಬ್ಬ ಹೆಣ್ಣುಮಗಳು ಮದುವೆ, ಸೀಮಂತ, ಜಾತ್ರೆ ಅಂತ ಉಟ್ಟ ಸೀರೆ ಅದು. ಕೈಮಗ್ಗದ ಹಳೇ ಇಳಕಲ್ ಇನ್ನು ಸಿಗುವುದೂ ಕಷ್ಟ. ತ್ಯಾಪಿ ಹಾಕಲು ಬನಹಟ್ಟಿ ಸೀರೆ ಇದೆ, ಧೋತರ ಇದೆ. ಇಳಕಲ್ ಹಾಗೇ ಮಡಚಿ ಇಟ್ಟು ಮಗಳಿಗೆ ಕೊಡಿ.

ಇಳಕಲ್ ದಡಿ

ಅಕ್ಕ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ನಮ್ಮದು ನೇಕಾರರ ಮನೆ. ಆದರೂ ನಾನು ಬೇರೆ ಮಾತು ಹೇಳುತ್ತೇನೆ. ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಒಡಲಿನಲ್ಲಿ, ಅಂದರೆ ಸೀರೆಯ ಮೈಯಲ್ಲಿ, ಎಳೆ ಸವೆದು ಜಾಳಾಗಿ, ಹಿಡಿದರೆ ಪಿಸಿಯುವಂತಿದ್ದರೆ ಅದನ್ನು ಇನ್ನು ಯಾರೂ ಉಡಲಾರರು. ಟ್ರಂಕಿನಲ್ಲೇ ಬಿಟ್ಟರೆ ಮಡಿಕೆ ಮಡಿಕೆಯಲ್ಲಿ ಸೀಳುತ್ತದೆ. ಮಡಚಿಟ್ಟ ಸೀರೆ ಸಾಯುವುದೇ ಮಡಿಕೆಯಲ್ಲಿ. ಇನ್ನೂ ಗಟ್ಟಿಯಾಗಿದ್ದರೆ ಖಂಡಿತ ಕತ್ತರಿಸಬೇಡಿ, ಉಡಿ.

ಕತ್ತರಿಸುವುದೇ ಆದರೆ ಎಲ್ಲಿ ಕತ್ತರಿಸಬೇಕು ಅನ್ನುವುದು ಮುಖ್ಯ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತೇವೆ. ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಸಣ್ಣ ಗೆರೆ ಕೈಗೆ ಸಿಗುತ್ತದೆ. ಕತ್ತರಿ ಆ ಗೆರೆಯ ಮೇಲೆ ಬರಬಾರದು. ಒಡಲಿನ ಕಡೆ ಒಂದು ಗೇಣು ಬಿಟ್ಟು ಕತ್ತರಿಸಿ. ಆಗ ಕೊಂಡಿ ಉಳಿಯುತ್ತದೆ, ತೋಪ್ ತೆನಿ ವಿನ್ಯಾಸದ ಸೆರಗು ಇಡಿಯಾಗಿ ಉಳಿಯುತ್ತದೆ. ಆ ಸೆರಗನ್ನು ಕೌದಿಯ ನಟ್ಟನಡುವೆ ಇಡಿ, ತುಂಡು ಮಾಡಬೇಡಿ. ನೇಯ್ದವರ ಕೆಲಸವೂ ಕಾಣುತ್ತದೆ, ಉಟ್ಟವರ ನೆನಪೂ ಉಳಿಯುತ್ತದೆ.

ದಡಿಯ (ಸೀರೆ ಅಂಚಿನ) ವಿಷಯದಲ್ಲಿ ಜಾಗ್ರತೆ. ಹಳೇ ಇಳಕಲ್‌ನಲ್ಲಿ ದಡಿ, ಸೆರಗು ರೇಷ್ಮೆ ಇರಬಹುದು, ಚಮಕಾ ಇರಬಹುದು. ಚಮಕಾ ಅಂದರೆ ಕೃತಕ ರೇಷ್ಮೆ. ಒಣಗಿದ್ದಾಗ ಗಟ್ಟಿ, ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಕೌದಿಯ ಸುತ್ತ ಅಂಚಿಗೆ ಅದೊಂದನ್ನೇ ಹಾಕಿದರೆ ಬಕೆಟ್ಟಿನಿಂದ ಎತ್ತುವಾಗ ಹರಿಯುವುದು ಅದೇ. ಕೆಳಗೆ ಗಟ್ಟಿ ಹತ್ತಿ ಪಟ್ಟಿ ಕೊಟ್ಟು ಮೇಲೆ ದಡಿ ಕೂರಿಸಿ.

ಅಥಣಿ ಅಕ್ಕ

ಉಡಲು ಬರದ ಸೀರೆಗೆ ನಿಮ್ಮ ಮಾತು ಒಪ್ಪುತ್ತೇನೆ. ಸೆರಗು ಇಡಿಯಾಗಿ ಇಡಬೇಕು ಅಂದಿರಲ್ಲ, ಅದು ನನಗೆ ತುಂಬಾ ಹಿಡಿಸಿತು. ಆದರೆ ಮಗಳನ್ನೂ ಒಂದು ಮಾತು ಕೇಳಿ. ಅಜ್ಜಿಯ ಸೀರೆ ಮೇಲೆ ಮೊಮ್ಮಗಳಿಗೂ ಹಕ್ಕಿದೆ ಅಲ್ವಾ?

ಗುಳೇದಗುಡ್ಡ ಮಗ್ಗ

ಖಣದ ತುಂಡುಗಳ ಬಗ್ಗೆ. ನಮ್ಮೂರಿನ ಖಣ ಕೌದಿಗೆ ಬಲು ಚೆಂದ, ಆದರೆ ಅದರ ಸ್ವಭಾವ ಬೇರೆ. ಹತ್ತಿ ಸೀರೆಗಿಂತ ದಪ್ಪ. ಕತ್ತರಿಸಿದ ಅಂಚಿನಿಂದ ಎಳೆ ಬೇಗ ಬಿಚ್ಚುತ್ತದೆ. ಹತ್ತಿ ತ್ಯಾಪಿಗೆ ಕಾಲು ಇಂಚು ಮಡಚಿದರೆ ಸಾಕು, ಖಣಕ್ಕೆ ಅರ್ಧ ಇಂಚು ಬೇಕು. ಮಡಚುವ ಮುಂಚೆ ಅಂಚಿಗೆ ತೆಳ್ಳಗೆ ಗಂಜಿ ಸವರಿ ಒಣಗಿಸಿದರೆ ಎಳೆ ಏಳುವುದಿಲ್ಲ, ಮಡಿಕೆಯೂ ಚೂಪಾಗಿ ಕೂರುತ್ತದೆ.

ಮೈತುಂಬಾ ಖಣ ಹಾಕಬೇಡಿ. ಹೊದ್ದರೆ ಒರಟು, ಭಾರ. ಹತ್ತಿ ತ್ಯಾಪಿಗಳ ನಡುವೆ ಅಲ್ಲೊಂದು ಇಲ್ಲೊಂದು ಮುಕ್ಕೋಣವಾಗಿ ಇಟ್ಟರೆ ಎದ್ದು ಕಾಣುತ್ತದೆ. ಅಂಗಡಿಯವರು ಖಣವನ್ನು ಮುಕ್ಕೋಣ ಮಡಚಿ ಕೊಡುತ್ತಿದ್ದರಲ್ಲ, ಉಡಿ ತುಂಬುವಾಗ ಹಾಗೇ ಇಡುತ್ತಿದ್ದೆವು. ಆ ಆಕಾರ ಕೌದಿಗೂ ಒಪ್ಪುತ್ತದೆ. ಮುಕ್ಕೋಣದ ಓರೆ ಅಂಚು ಎಳೆದರೆ ಹಿಗ್ಗುತ್ತದೆ. ಅದನ್ನು ಕೊನೆಗೆ ಹೊಲಿಯಿರಿ, ಮೊದಲು ಸೀದಾ ಅಂಚು ಹಿಡಿಯಿರಿ.

ನವನಗರ ನೂಲು, ಬಾಗಲಕೋಟೆ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿನ್ನೆ ಟ್ರಂಕು ಇಳಿಸಿ ಎಲ್ಲಾ ಬೇರೆ ಬೇರೆ ಮಾಡಿದೆ. ಕೆಂಪು ದಡಿಯ ಒಂದು ಇಳಕಲ್‌ನ ಒಡಲು ಪೂರ್ತಿ ಸವೆದಿದೆ. ಬೆಳಕಿಗೆ ಹಿಡಿದರೆ ಜರಡಿ ನೋಡಿದಂತೆ ಕಾಣುತ್ತದೆ. ಇನ್ನೊಂದು, ಗೋಮಿ ವಿನ್ಯಾಸದ ದಡಿಯದು, ಗಟ್ಟಿಯಾಗಿದೆ. ಮಗಳಿಗೆ ಫೋನ್ ಮಾಡಿ ಕೇಳಿದೆ. ಗಟ್ಟಿಯಿರುವುದು ನನಗೆ ಬೇಕು, ಸವೆದಿದ್ದರಲ್ಲಿ ಕೌದಿ ಮಾಡು, ಅದೂ ನನಗೇ ಬೇಕು ಅಂದಳು. ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ಈಗ ಭಯ ಕೆಂಪು ಬಣ್ಣದ್ದು. ಮಾವನವರ ಬಿಳಿ ಧೋತರ ಒಳ ಪದರಿಗೆ ಹಾಕಬೇಕು ಅಂತಿದ್ದೇನೆ. ಕೆಂಪು ಸೆರಗು ಬಣ್ಣ ಬಿಟ್ಟರೆ ಏನು ಗತಿ? ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಅಂತಾರೆ, ನಿಜವಾ?

ಇಳಕಲ್ ದಡಿ

ಉಪ್ಪನ್ನು ನಂಬಿ ಕೂರಬೇಡಿ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ, ನೇಯ್ದು ಉಟ್ಟ ಮೇಲೆ ಅದರಿಂದ ಬಣ್ಣ ಕಟ್ಟಿ ನಿಲ್ಲುವುದಿಲ್ಲ. ಸೆರಗಿನ ಒಂದು ಮೂಲೆ ಒದ್ದೆ ಮಾಡಿ, ಮೇಲೊಂದು ಬಿಳಿ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಕಲೆ ಹತ್ತದಿದ್ದರೆ ನಿಶ್ಚಿಂತೆ. ಹತ್ತಿದರೆ ತಣ್ಣೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸಿ, ನೀರು ತಿಳಿಯಾಗುವವರೆಗೂ. ಎಷ್ಟೇ ಜಾಲಾಡಿಸಿದರೂ ನೀರು ಕೆಂಪಾಗುತ್ತಲೇ ಇದ್ದರೆ ಬಿಳಿ ಧೋತರವನ್ನು ಈ ಕೌದಿಗೆ ಹಾಕಬೇಡಿ. ಕೆಂಪು, ಕಾಚಿನ ಬಣ್ಣದ ಸೀರೆಗಳನ್ನೇ ಹಾಕಿ.

ಖಾನಾಪುರ ಮಳೆ

ಇಷ್ಟು ಒಳ್ಳೆಯ ಚರ್ಚೆ ನೋಡಿ ಸುಮ್ನೆ ಓದಿ ಹೋಗಲು ಮನಸ್ಸಾಗಲಿಲ್ಲ. ನಾನು ಖಾನಾಪುರ ಕಡೆಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ತಾಲೂಕಿನಲ್ಲಿ, ಪಕ್ಕದ ಹಳಿಯಾಳ, ಯಲ್ಲಾಪುರದಲ್ಲಿ ಸಿದ್ದಿ ಜನರಿದ್ದಾರೆ. ಅವರ ಹೆಂಗಸರು ಹೊಲಿಯುವ ಕೌದಿ ನೋಡಲೇಬೇಕು. ಕವಂದಿ ಅಂತಾರೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತು ಬರುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೇ ಒಳಕ್ಕೆ ಒಳಕ್ಕೆ ಬಂದು ಕೊನೆಗೆ ನಡುವೆ ಮುಗಿಸುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆ ಇಲ್ಲ. ಕೈಗೆ ಸಿಕ್ಕ ತುಂಡು ನೋಡಿ, ಪಕ್ಕದ ಬಣ್ಣ ನೋಡಿ ಮುಂದಿನದು ಇಡುತ್ತಾರೆ. ಕಡೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು ಕೂರಿಸುತ್ತಾರೆ. ಫುಲಾ ಅಂತ ಅದರ ಹೆಸರು. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬರಿಮೈಯಲ್ಲಿ ನಿಂತ ಹಾಗೆ.

ಹೊರಗಿನಿಂದ ಒಳಗೆ ಬರುವುದರಲ್ಲಿ ಒಂದು ಜಾಣತನವಿದೆ. ಹೊಲಿಯುತ್ತಾ ಹೋದ ಹಾಗೆ ಪದರಿನ ಸಡಿಲವೆಲ್ಲ ಮುಂದಕ್ಕೆ ಜರುಗಿ ನಡುವೆ ಬಂದು ಸೇರುತ್ತದೆ. ಅಲ್ಲಿ ಒಂದು ಸಣ್ಣ ಮಡಿಕೆ ಹಾಕಿ, ಕೊನೆಯ ತ್ಯಾಪಿ ಮೇಲೆ ಇಟ್ಟರೆ ಕಾಣುವುದೇ ಇಲ್ಲ. ಇಳಕಲ್ ಸೆರಗನ್ನು ನಡುವೆ ಇಡುವವರು ಮಾತ್ರ ಮೊದಲು ಸೆರಗಿನ ಸುತ್ತ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಉದ್ದ ಹೊಲಿಗೆ) ಹಾಕಿ ಭದ್ರ ಮಾಡಿಕೊಳ್ಳಿ. ಇಲ್ಲದಿದ್ದರೆ ಸಡಿಲ ಎಲ್ಲಾ ಸೆರಗಿನ ಕೆಳಗೆ ಹೋಗಿ ಕೂರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಡೆ ಹಿಂದೆ ಕೌದಿ ಹೊಲಿಯುವ ಹೆಂಗಸರು ಮನೆಬಾಗಿಲಿಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಹೊಲಿದು ಕೊಟ್ಟು, ಜೋಳ, ಒಂದು ಹಳೇ ಸೀರೆ, ಸ್ವಲ್ಪ ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಈಗಲೂ ಅಲ್ಲಲ್ಲಿ ಬರುತ್ತಾರೆ. ಜನ ಅವರ ಹತ್ತಿರ ಚೌಕಾಸಿ ಮಾಡುತ್ತಾರೆ. ಬಟ್ಟೆ ನಮ್ಮದೇ ಅಲ್ವಾ, ಬರೀ ಹೊಲಿಗೆಗೆ ಇಷ್ಟಾ ಅಂತ ಕೇಳುತ್ತಾರೆ. ಒಂದು ಕೌದಿಗೆ ಎಷ್ಟು ದಿನ ಬೆನ್ನು ಬಾಗಿಸಿ ಕೂರಬೇಕು ಅಂತ ಇಲ್ಲಿರುವವರಿಗೆ ಗೊತ್ತು. ಹೊಲಿಸುವವರು ದಿನಗೂಲಿ ಲೆಕ್ಕ ಹಾಕಿ ಕೊಡಿ. ಹೊಲದ ಕೆಲಸಕ್ಕೆ ಕೊಡುವ ಕೂಲಿಗಿಂತ ಕಡಿಮೆ ಕೊಡುವುದು ಸರಿಯಲ್ಲ.

ಶಹಾಪುರ ಟೇಲರ್, ಬೆಳಗಾವಿ

ನೂರಕ್ಕೆ ನೂರು ಸತ್ಯ ರೀ. ಹೊಲಿಗೆ ಕೆಲಸ ಮಾಡುವ ನಮ್ಮೆಲ್ಲರ ಮಾತು ಇದು.

ನವನಗರ ನೂಲು, ಬಾಗಲಕೋಟೆ

ಪದರು ಹಾಸಿದ್ದೇನೆ! ಬಣ್ಣ ಪರೀಕ್ಷೆ ಮಾಡಿದೆ, ಸೆರಗು ಬಣ್ಣ ಬಿಡಲಿಲ್ಲ. ಕೆಳಗೆ ಬನಹಟ್ಟಿ ಸೀರೆ ಎರಡು ಪದರು, ನಡುವೆ ಧೋತರ, ಮೇಲೆ ಇಳಕಲ್‌ನ ಸವೆದ ಒಡಲು. ಪಡಸಾಲೆಯ ನೆಲ ಒರೆಸಿ, ಒಂದೊಂದೇ ಪದರು ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದೆ. ಕಸಬರಿಗೆಯ ಹಿಡಿಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ ಸುಕ್ಕು ತೆಗೆದೆ. ಒಂದೊಂದು ಗೇಣಿಗೆ ಕಚ್ಚಾ ಹೊಲಿಗೆಯ ಸಾಲು ಹಾಕಿದೆ. ಅವ್ವ ಮಾಡುತ್ತಿದ್ದುದೆಲ್ಲಾ ಕೈಗೆ ತಾನಾಗಿಯೇ ನೆನಪಾಗುತ್ತಿದೆ.

ಟಾಕಿ ಮಾತ್ರ ಸರಿ ಬರುತ್ತಿಲ್ಲ. ಮೇಲೆ ಸಮ ಕಾಣುತ್ತದೆ, ತಿರುಗಿಸಿದರೆ ಕೆಳಗೆ ಉದ್ದ ಗಿಡ್ಡ. ದಾರವೂ ನಡುನಡುವೆ ಗಂಟು ಬೀಳುತ್ತಿದೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ವಿಜಯಪುರ ಅಜ್ಜಿ

ದಾರ ಉದ್ದ ಆಯಿತು ತಂಗೀ. ಬೆರಳ ತುದಿಯಿಂದ ಮೊಣಕೈವರೆಗೆ, ಅದರ ಮೇಲೆ ಇನ್ನೊಂದು ಗೇಣು. ಅಷ್ಟೇ ತೆಗೆದುಕೋ. ಉದ್ದ ಹಾಕಿದರೆ ಸೂಜಿಗೆ ಪೋಣಿಸುವ ಕೆಲಸ ಉಳಿಯಿತು ಅನಿಸುತ್ತದೆ, ಆದರೆ ಬಟ್ಟೆಯೊಳಗೆ ಹಾದು ಹಾದು ದಾರ ನಾರು ಬಿಡುತ್ತದೆ, ಸುತ್ತಿಕೊಳ್ಳುತ್ತದೆ. ಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೋ, ಗಂಟು ಕಡಿಮೆಯಾಗುತ್ತದೆ. ರೀಲಿನ ತೆಳು ದಾರವಾದರೆ ನಾಲ್ಕೆಳೆ ಸೇರಿಸು. ತೆಳು ದಾರ ಹಳೇ ಬಟ್ಟೆಯನ್ನು ಕೊಯ್ಯುತ್ತದೆ.

ಇನ್ನು ಟಾಕಿ. ನೀನು ಸೂಜಿಯನ್ನು ಓರೆಯಾಗಿ ಚುಚ್ಚುತ್ತಿದ್ದೀ ಅನಿಸುತ್ತದೆ. ಓರೆ ಚುಚ್ಚಿದರೆ ಮೇಲಿನ ಪದರಿನಲ್ಲಿ ಒಂದು ಕಡೆ ಹೋಗಿ ಕೆಳಗೆ ಇನ್ನೆಲ್ಲೋ ಬರುತ್ತದೆ. ಸೂಜಿ ನೆಟ್ಟಗೆ ನಿಲ್ಲಬೇಕು. ಎಡಗೈ ಕೌದಿಯ ಕೆಳಗೆ ಇರಲಿ. ಸೂಜಿಯ ಮೊನೆ ನಡುಬೆರಳಿಗೆ ಸ್ವಲ್ಪವೇ ತಾಗಿತು ಅನ್ನುವಾಗ ಆ ಬೆರಳಿನಿಂದಲೇ ಬಟ್ಟೆಯನ್ನು ಮೇಲಕ್ಕೆ ಒತ್ತು, ಬಲಗೈ ಸೂಜಿಯನ್ನು ಮಲಗಿಸಿ ಮೊನೆಯನ್ನು ಮೇಲೆ ತರಲಿ. ಮತ್ತೆ ನೆಟ್ಟಗೆ, ಮತ್ತೆ ಮಲಗಿಸು. ಹೀಗೆ ಮೂರೋ ನಾಲ್ಕೋ ಟಾಕಿ ಸೂಜಿಯ ಮೇಲೇ ಏರಿಸಿಕೊಂಡು ಒಮ್ಮೆಗೇ ಎಳೆ. ಒಂದೊಂದೇ ಎಳೆದರೆ ಉದ್ದ ಗಿಡ್ಡ ಆಗುವುದು ಖಚಿತ. ಕೆಳಗಿನ ಬೆರಳಿಗೆ ಅಂಟುಪಟ್ಟಿ ಸುತ್ತಿಕೋ, ಮೊದಮೊದಲು ನೋಯುತ್ತದೆ.

ಸಾಲಿಂದ ಸಾಲಿಗೆ ಒಂದು ಬೆರಳು ಅಂತರ. ನಿನ್ನ ಇಳಕಲ್ ಒಡಲು ಸವೆದಿದೆ ಅಂದೆಯಲ್ಲ, ತ್ಯಾಪಿ ಬೀಳದ ಜಾಗದಲ್ಲಿ ಅರ್ಧ ಬೆರಳು ಇಡು. ಜಾಳಾದ ಬಟ್ಟೆಯನ್ನು ಟಾಕಿಯೇ ಹಿಡಿದು ನಿಲ್ಲಿಸಬೇಕು. ದಾರ ಬಿಗಿಯಾಗಿ ಎಳೆಯಬೇಡ. ಒಂದು ಸಾಲು ಮುಗಿದ ಮೇಲೆ ಹೆಬ್ಬೆರಳಿನಿಂದ ಸಾಲಿನ ಉದ್ದಕ್ಕೂ ಒತ್ತಿ ನೋಡು. ಬಟ್ಟೆ ಸುಕ್ಕಿಲ್ಲದೆ ಸಲೀಸಾಗಿ ಹರಡಿಕೊಳ್ಳಬೇಕು.

ಜಮಖಂಡಿ ಹುಡುಗಿ

ಅಜ್ಜಿ, ಮೂರು ನಾಲ್ಕು ಟಾಕಿ ಒಮ್ಮೆಗೇ ಏರಿಸುವುದು ಬಂತು! ಎರಡು ಸಾಲು ಹೊಲಿದ ಮೇಲೆ ಕೈ ಕುದುರಿತು. ನನ್ನ ರೂಮಿನ ಗೆಳತಿಯೂ ಸೇರಿಕೊಂಡಿದ್ದಾಳೆ. ಅವಳು ಕಸೂತಿ ಕಲಿತವಳು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬುತ್ತೇವೆ, ಎರಡೂ ಕಡೆ ಒಂದೇ ತರ ಕಾಣುತ್ತದೆ ಅಂತ ತೋರಿಸಿದಳು. ಅಂಚಿನ ಒಂದು ಸುತ್ತು ಮಾತ್ರ ಹಾಗೆ ಮಾಡಬಹುದಾ?

ವಿಜಯಪುರ ಅಜ್ಜಿ

ಧಾರಾಳವಾಗಿ ಮಾಡು. ಎರಡು ಸಲ ದಾರ ಹೋಗುವುದರಿಂದ ಅಂಚೂ ಗಟ್ಟಿಯಾಗುತ್ತದೆ. ಮೈತುಂಬಾ ಮಾತ್ರ ಬೇಡ, ಕೌದಿ ಬಿರುಸಾಗುತ್ತದೆ.

ಅಥಣಿ ಅಕ್ಕ

ಕೌದಿ ಒಗೆಯುವ ಬಗ್ಗೆಯೂ ಬರೆಯಿರಿ. ನನ್ನ ಹತ್ತಿರ ಮೂರು ಹಳೇ ಕೌದಿ ಇವೆ. ವಾಷಿಂಗ್ ಮಷಿನ್‌ಗೆ ಹಾಕಲು ಧೈರ್ಯವಿಲ್ಲ.

ಖಾನಾಪುರ ಮಳೆ

ಹಳೇ ಕೈಹೊಲಿಗೆಯ ಕೌದಿ ಮಷಿನ್‌ಗೆ ಬೇಡ. ನೀರು ಹೀರಿ ಭಾರವಾಗುತ್ತದೆ, ತಿರುಗುವಾಗ ಆ ಭಾರಕ್ಕೇ ಟಾಕಿ ಕಿತ್ತುಬರುತ್ತದೆ. ಅಗಲ ಟಬ್ಬಿನಲ್ಲಿ ಸೋಪಿನ ನೀರು ಹಾಕಿ ನೆನೆಸಿ, ಕಾಲಿನಿಂದ ಮೆತ್ತಗೆ ತುಳಿಯಿರಿ. ಹಿಂಡಬೇಡಿ. ಟಬ್ಬಿನ ಅಂಚಿಗೆ ಒರಗಿಸಿ ನೀರು ಇಳಿಯಲು ಬಿಡಿ. ಒಂದೇ ಹಗ್ಗಕ್ಕೆ ಹಾಕಿದರೆ ಎಲ್ಲಾ ಭಾರ ಒಂದು ಗೆರೆಯ ಮೇಲೆ ಬೀಳುತ್ತದೆ. ಎರಡು ಹಗ್ಗ ಹತ್ತಿರ ಹತ್ತಿರ ಕಟ್ಟಿ ಹರವಿ.

ನಿಮ್ಮ ಕಡೆ ಬಿಸಿಲಿದೆ, ಒಂದು ದಿನದಲ್ಲಿ ಒಣಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೌದಿಗೆ ನೀರು ತಾಗಿಸುವ ಹಾಗೇ ಇಲ್ಲ. ಒಳಪದರು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಗೆದು, ಬಿಸಿಲಿಗೆ ಎರಡೂ ಮಗ್ಗುಲು ಕಾಯಿಸಿ ಎತ್ತಿಡುತ್ತೇವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ.

ಶಹಾಪುರ ಟೇಲರ್, ಬೆಳಗಾವಿ

ನವನಗರದ ಅಕ್ಕಾರ, ಅಂಚಿಗೆ ಬಂದಾಗ ಹೇಳೋಣ ಅಂದುಕೊಂಡಿದ್ದೆ, ಈಗಲೇ ಬರೆದುಬಿಡುತ್ತೇನೆ. ನಿಮ್ಮ ಕೌದಿ 45 ಇಂಚಿಗೆ 90 ಇಂಚು. ಸುತ್ತಳತೆ 270 ಇಂಚು. ಮೂಲೆ ಮಡಚಲು, ಜೋಡಿಸಲು ಇನ್ನು 12 ಇಂಚು. ಎರಡೂವರೆ ಇಂಚು ಅಗಲದ ಗಟ್ಟಿ ಹತ್ತಿ ಪಟ್ಟಿ ಅಷ್ಟು ಉದ್ದಕ್ಕೆ ಬೇಕು. ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಜೋಡಣೆ ದಪ್ಪವಾಗಿ ಒಂದೇ ಕಡೆ ಕೂರುವುದಿಲ್ಲ. ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ.

ಪಟ್ಟಿಯ ಬಿಚ್ಚಿದ ಅಂಚನ್ನು ಕೌದಿಯ ಅಂಚಿಗೆ ಸೇರಿಸಿ, ಕಾಲು ಇಂಚು ಒಳಗೆ ಮಷಿನ್ ಹೊಲಿಗೆ ಹಾಕಿ. ಮೂಲೆ ಬರಲು ಕಾಲು ಇಂಚು ಇರುವಾಗ ನಿಲ್ಲಿಸಿ, ದಾರ ಕತ್ತರಿಸಿ. ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ತಿರುಗಿಸಿ, ಮತ್ತೆ ಕೆಳಕ್ಕೆ ಮಡಚಿ ಮುಂದಿನ ಬದಿಗೆ ಸೇರಿಸಿ. ಅಲ್ಲೊಂದು ಸಣ್ಣ ಕಿವಿ ನಿಲ್ಲುತ್ತದೆ, ಅದು ನಿಲ್ಲಬೇಕು. ಪಟ್ಟಿಯನ್ನು ಹಿಂದಕ್ಕೆ ಹೊರಳಿಸಿದಾಗ ಮೂಲೆ ತಾನೇ ಚೂಪಾಗಿ ಕೂರುತ್ತದೆ. ಹಿಂದಿನ ಕಡೆ ಕೈಯಿಂದ ಹೆಮ್ಮಿಂಗ್. ಆಮೇಲೆ ಪಟ್ಟಿಯ ಮೇಲೆ ಇಳಕಲ್ ದಡಿ ಇಟ್ಟು ಸಣ್ಣ ಟಾಕಿ ಹಾಕಿ.

ಗುಳೇದಗುಡ್ಡ ಮಗ್ಗ

ಮೂಲೆಗೆ ಖಾನಾಪುರದ ಅಕ್ಕ ಹೇಳಿದ ಫುಲಾ ಹಾಗೆ ಖಣದ ಹೂವು ಇಟ್ಟರೆ ಹೇಗೆ? ಖಣ ದಪ್ಪವಿದೆ, ಮಡಚಿದರೆ ಚೆನ್ನಾಗಿ ನಿಲ್ಲುತ್ತದೆ. ಹಸಿರು ಖಣ, ಕೆಂಪು ದಡಿ. ಯೋಚನೆ ಮಾಡಿ.

ನವನಗರ ನೂಲು, ಬಾಗಲಕೋಟೆ

ಹಸಿರು ಖಣದ ನಾಲ್ಕು ತುಂಡು ಎತ್ತಿಟ್ಟಿದ್ದೇನೆ! ಅಜ್ಜಿ ಹೇಳಿದ ಹಾಗೆ ದಾರ ಗಿಡ್ಡ ಮಾಡಿ, ಮೇಣ ಹಚ್ಚಿ ಹೊಲಿಯುತ್ತಿದ್ದೇನೆ. ಹೊರಗಿನ ಎರಡು ಸುತ್ತು ತ್ಯಾಪಿ ಮುಗಿದಿದೆ. ಮಗಳ ಫ್ರಾಕಿನ ಹಳದಿ ಹೂವಿನ ತುಂಡು ಒಂದು ಕಡೆ, ಅವಳ ಅಜ್ಜಿಯ ಸೀರೆ ಅದರ ಪಕ್ಕ. ಪಕ್ಕದ ಮನೆ ವೈನಿ ದಿನಾ ಸಂಜೆ ಬಂದು ಎದುರಿನ ಅಂಚು ಹಿಡಿದು ಕೂರುತ್ತಾರೆ. ಇಬ್ಬರು ಕೂತರೆ ಪದರು ಜರುಗುವುದಿಲ್ಲ, ಮಾತೂ ಆಗುತ್ತದೆ.

ಟೆರಿಕಾಟ್, ಪಾಲಿಯೆಸ್ಟರ್ ತುಂಡುಗಳು ಅರ್ಧ ಚೀಲ ಉಳಿದಿವೆ. ಕಾಲೊರೆಸಿಗೆ ಹೆಣೆಯಲು, ಚೀಲ ಹೊಲಿಯಲು ನವನಗರ, ವಿದ್ಯಾಗಿರಿ ಕಡೆಯವರಿಗೆ ಯಾರಿಗಾದರೂ ಬೇಕಿದ್ದರೆ ಹೇಳಿ, ಹಾಗೇ ಕೊಡುತ್ತೇನೆ. ನಾಲ್ಕೆಳೆ ಸೇರಿಸುವ ಬದಲು ಒಂದೇ ದಪ್ಪ ಹತ್ತಿ ದಾರ ಬಾಗಲಕೋಟೆಯಲ್ಲೇ ಯಾವ ಓಣಿಯಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ತಿಳಿಸಿ. ಬಿಳಿ ಬೇಕು, ಜೊತೆಗೆ ಅರಿಶಿನ ಬಣ್ಣದ್ದೂ ಸ್ವಲ್ಪ.